ಕಿವಿಯ ಹಿಂದೆ ಹೆಬ್ಬೆಟ್ಟಿನಷ್ಟು ಜಾಗ

"ಕಿವಿ ಹಿಂದ ಹೆಬ್ಬೆಟ್ಟಿನಷ್ಟು ಜಾಗ ಬಿಡ್ರಿ ತಂಗಿ. ಅಲ್ಲಿ ಬಣ್ಣ ಹತ್ತಬಾರ್ದು."

ಹುಲಗಪ್ಪ ಹೇಳಿದ್ದಕ್ಕೆ ಅಂಜನಾ ಕತ್ತು ಸಹ ಎತ್ತಲಿಲ್ಲ. ಡೇರೆಯೊಳಗೆ ಸ್ಪಿರಿಟ್ಟು, ಅಂಟು, ಕಾದ ರಬ್ಬರಿನ ವಾಸನೆ ಕೂಡಿ ಗಂಟಲಿಗೆ ಕಟ್ಟಿಕೊಂಡಿತ್ತು. ಹೊರಗೆ ಶಹಾಪುರದ ಗುಡ್ಡದ ಬಂಡೆಗಳು ಮಧ್ಯಾಹ್ನದ ಬಿಸಿಲಿಗೆ ರೊಟ್ಟಿಯ ಹಂಚಿನಂತೆ ಕಾದಿದ್ದವು.

"ಯಾಕೆ ತಾತಾ ಬಿಡಬೇಕು?" ಅಂದಳು, ಹುಬ್ಬಿನ ಕೂದಲನ್ನು ಒಂದೊಂದಾಗಿ ರಬ್ಬರಿನ ಮುಖವಾಡಕ್ಕೆ ಚುಚ್ಚುತ್ತ.

ಹುಲಗಪ್ಪ ನಲವತ್ತು ವರ್ಷ ಬಯಲಾಟದವರ ಮುಖಕ್ಕೆ ಬಣ್ಣ ಬರೆದವನು. ಈಗ ಸಿನಿಮಾದವರು ಅವನನ್ನು ಗುಂಪಿನ ಮಂದಿಗೆ ರುಮಾಲು ಸುತ್ತಲು, ಮಸಿ ಬಳಿಯಲು ಇಟ್ಟುಕೊಂಡಿದ್ದರು. "ರಕ್ಕಸನ ಬಣ್ಣ ಹಚ್ಚಿದ್ರ ರಕ್ಕಸ ಬರ್ತಾನ್ರಿ. ಆಟ ಮುಗಿದ ಮ್ಯಾಲೆ ಅಂವಗ ಹೊರಗ ಹೋಗಾಕ ದಾರಿ ಬೇಕಲ್ಲ? ಬಾಗಲಾ ಇಲ್ಲದ ಮನ್ಯಾಗ ಹೊಕ್ಕಂವ ಒಳಗ ಉಳಿದುಬಿಡ್ತಾನ."

ಅಂಜನಾ ನಕ್ಕಳು. "ನಮ್ಮ ಕೆಲಸದಲ್ಲಿ ಅಂಚು ಕಂಡರೆ ಅಲ್ಲಿಗೆ ಮರ್ಯಾದೆ ಹೋಯಿತು. ಚರ್ಮ ಎಲ್ಲಿ ಮುಗಿಯಿತು, ರಬ್ಬರು ಎಲ್ಲಿ ಶುರುವಾಯಿತು ಅಂತ ಹಡೆದ ತಾಯಿಗೂ ಗೊತ್ತಾಗಬಾರದು. ನಿಮ್ಮ ರಕ್ಕಸನಿಗೆ ಬೇರೆ ಮನೆ ನೋಡಿಕೊಳ್ಳೋಕೆ ಹೇಳಿ."

ಮುದುಕ ರುಮಾಲುಗಳ ಗಂಟು ಎತ್ತಿಕೊಂಡು ಹೊರಗೆ ಹೋದ.

ಅವಳು ಸ್ವಂತವಾಗಿ ಮೇಕಪ್ಪು ಮಾಡುತ್ತಿದ್ದ ಮೊದಲ ಚಿತ್ರ ಇದು. ಆರು ವರ್ಷ ಬೇರೆಯವರ ಕೈಕೆಳಗೆ ಗಾಯ ಬರೆದಿದ್ದಳು, ಗಡ್ಡ ಅಂಟಿಸಿದ್ದಳು, ಸಕ್ಕರೆಪಾಕದ ರಕ್ತ ಕುದಿಸಿದ್ದಳು. ಈ ಸಲ ಪರದೆಯ ಮೇಲೆ ಅವಳ ಹೆಸರು ಒಂಟಿಯಾಗಿ ಬರಬೇಕು. ಅದಕ್ಕೊಂದು ಮಾಟಗಾತಿಯ ಮುಖ ಬೇಕಿತ್ತು. ಅದು ಸಿಕ್ಕಿದ್ದು ತಿಂಥಣಿಯಲ್ಲಿ, ಕೃಷ್ಣೆಯ ದಡದಲ್ಲಿ.

ಲಾಲಮ್ಮ ಅಲ್ಲಿ ಒಬ್ಬಳೇ ಕೂತು ನೆನೆಸಿದ ರೊಟ್ಟಿಯನ್ನು ಬೆರಳಿನಿಂದ ಕಿವುಚಿ ನುಂಗುತ್ತಿದ್ದಳು. ಗಾಳಿಗೆ ಸೆರಗು ಒಂದು ಗಳಿಗೆ ಸರಿಯಿತು. ಒಡೆದು ಒಳಗೆ ಕುಸಿದ ಕೆನ್ನೆ. ವಾರೆಯಾಗಿ ಕೂಡಿಕೊಂಡ ತುಟಿ. ಮುಂದಿನ ಹಲ್ಲುಗಳ ಜಾಗದಲ್ಲಿ ಮೊಂಡು ಚೂರುಗಳು. ಅಂಜನಾಳ ಎದೆ ಖುಷಿಗೆ ಜಿಗಿಯಿತು. ಅಯ್ಯೋ ಅನ್ನಿಸಲಿಲ್ಲ. ಸಿಕ್ಕಿತು ಅನ್ನಿಸಿತು.

ಕತೆಯನ್ನು ಲಾಲಮ್ಮನೇ ಹೇಳಿದಳು. ಮೂವತ್ತು ವರ್ಷದ ಹಿಂದೆ ಸುರಪುರದ ಆಚೆಯ ಒಂದು ಹಳ್ಳಿಯಲ್ಲಿ, ಒಂದೇ ಓಣಿಯಲ್ಲಿ ಮೂರು ಕೂಸುಗಳು ಜ್ವರಕ್ಕೆ ಹೋದವು. ಗಂಡ ಸತ್ತ, ಒಂಟಿ ಮನೆಯ, ಯಾರಿಗೂ ತಲೆಬಾಗದ ಹೆಂಗಸು ಇವಳೊಬ್ಬಳೇ ಇದ್ದಳು. ಮಾಟ ಮಾಡಿದಳೆಂದರು. ಹಲ್ಲಿಲ್ಲದ ಬಾಯಲ್ಲಿ ಮಂತ್ರ ನಿಲ್ಲುವುದಿಲ್ಲವೆಂದು ಕಲ್ಲಿನಿಂದ ಹಲ್ಲು ಜಜ್ಜಿದರು. ಜಜ್ಜಿದವರಲ್ಲಿ ಅವಳ ಕೈಯಿಂದ ಮಜ್ಜಿಗೆ ಕುಡಿದವರಿದ್ದರು.

"ನಾ ಮಾಟ ಮಾಡಿಲ್ಲವ್ವಾ," ಅಂದಳು ಲಾಲಮ್ಮ. ಗಾಳಿ ಹಲ್ಲಿನ ಸಂದಿಯಲ್ಲಿ ಸೀಟಿ ಹೊಡೆಯುತ್ತಿತ್ತು. "ಅವರೇ ನನ್ನ ಮಾರಿ ಮ್ಯಾಲೆ ಮಾಡಿ ಹ್ವಾದ್ರು. ಒಬ್ಬೊಬ್ಬರು ನೋಡಿದ್ರ ಏನಿಲ್ಲ. ಮಂದಿ ಕೂಡಿದಲ್ಲಿ ಈ ಮಾರಿ ತೆರದ್ರ, ಅವರ ಕೈ ಕಲ್ಲಿಗಿ ಹೋಗ್ತದ. ಒಮ್ಮಿ ಸಂತ್ಯಾಗ ಸೆರಗು ಹಾರಿತ್ತು. ಬಳಿಗಾರ್ತಿ ಹಜರಾಬೀ, ನನ್ನ ಹೆಸರೂ ಗೊತ್ತಿಲ್ಲ ಆಕಿಗಿ, ಬಳಿ ಮಲಾರ ಕೆಳಗಿಟ್ಟು ಕಲ್ಲು ಎತ್ತಿದ್ಳು. ಹೊಡದ ಮ್ಯಾಲೆ ಆಕಿನೇ ಅತ್ಲು."

ಅಂಜನಾ ತಲೆಯಾಡಿಸಿದಳು. ಒಳಗೊಳಗೆ ಅವಳ ಕಣ್ಣು ಆ ಕೆನ್ನೆಯ ಗುಳಿಯನ್ನು ಅಳೆಯುತ್ತಿತ್ತು. "ಅಜ್ಜಿ, ನಿಮ್ಮ ಮುಖದ ಅಚ್ಚು ತೆಗೆದುಕೊಳ್ಳಲಾ? ಬದಲಿಗೆ ನಿಮಗೆ ಹೊಸ ಹಲ್ಲು ಮಾಡಿಕೊಡ್ತೀನಿ. ನಮಗೆ ಆ ಕೆಲಸ ಬರುತ್ತೆ."

ಮುದುಕಿಯ ಕಣ್ಣು ಅಗಲವಾದವು. "ಖಡಕ್ ರೊಟ್ಟಿ ಮುರದು ತಿನ್ನಬಹುದೇನು?"

"ತಿನ್ನಬಹುದು."

"ಮಂದಿ ಮುಂದ ಮಾತ್ರ ನನ್ನ ಮಾರಿ ಇಡಬ್ಯಾಡ. ಆಣಿ ಮಾಡು."

"ಆಣೆ," ಅಂದಳು ಅಂಜನಾ. ನೀರು ಕುಡಿದಷ್ಟು ಸಲೀಸಾಗಿ.

ಮೂಗಿಗೆ ಎರಡು ಕೊಳವೆ ಇಟ್ಟು, ಮುಖದ ತುಂಬ ಅಚ್ಚು ಹಿಡಿಯುವ ತಣ್ಣನೆಯ ನೀಲಿ ಹಿಟ್ಟು ಸುರಿದು, ಮೇಲೆ ಪ್ಲಾಸ್ಟರಿನ ಪಟ್ಟಿ ಸುತ್ತಿದಳು. ಆ ಕತ್ತಲೆಯೊಳಗಿಂದ ಮುದುಕಿ ಹೂಂಕರಿಸುವ ಸದ್ದು ಬರುತ್ತಿತ್ತು, ಮುಚ್ಚಿದ ಪಾತ್ರೆಯಲ್ಲಿ ನೀರು ಕುದಿಯುವಂತೆ. ಅಚ್ಚು ಬಿಚ್ಚಿದಾಗ ಅದರ ಒಳಮೈ ಬಿಸಿಯಾಗಿತ್ತು. ಪ್ಲಾಸ್ಟರು ಗಟ್ಟಿಯಾಗುವಾಗ ಬಿಸಿಯಾಗುವುದು ಸಹಜವೇ. ಆದರೆ ಮೂರನೆಯ ದಿನವೂ ಅದು ಆರಲಿಲ್ಲ. ಅಂಜನಾ ಬೇಸಿಗೆಯನ್ನು ಬೈದು ಸುಮ್ಮನಾದಳು.

ನಿನ್ನೆ, ಆ ಅಚ್ಚಿನಲ್ಲಿ ಎರೆದ ರಬ್ಬರಿನ ಮುಖವನ್ನು ಮಾಟಗಾತಿಯ ಪಾತ್ರದ ನಟಿಗೆ ಅಂಟಿಸಿದ್ದಳು. ಹತ್ತು ನಿಮಿಷಕ್ಕೆ ನಟಿ ದವಡೆ ಹಿಡಿದುಕೊಂಡಳು. "ಹಲ್ಲು ಅಲ್ಲಾಡ್ತಿದೆ, ತೆಗೀರಿ, ತೆಗೀರಿ" ಎಂದು ಕಿರುಚಿ, ಅಂಚು ಕೂಡಿಸುವ ಮೊದಲೇ ಕಿತ್ತೆಸೆದಳು. ಕೆನ್ನೆ ಕೆಂಪಗೆ ಬೊಬ್ಬೆ ಎದ್ದಿತ್ತು. ಸಂಜೆಗೆ ಅವಳ ಕಾರು ಹೋಗಿಯೇ ಬಿಟ್ಟಿತು. ನಿರ್ದೇಶಕ ವಿಶ್ವರಾಧ್ಯ ಕುರ್ಚಿ ಒದ್ದ. ನಾಳೆ ಇನ್ನೂರು ಜನ ಬರುತ್ತಾರೆ, ಗುಂಪು ಮಾಟಗಾತಿಗೆ ಕಲ್ಲು ಹೊಡೆಯುವ ದೃಶ್ಯ, ಮುಖ ಯಾರಿಗೆ ಹಾಕುತ್ತೀ ಎಂದು ಕೂಗಾಡಿದ.

"ನಾನೇ ಹಾಕಿಕೊಳ್ತೀನಿ," ಅಂದಿದ್ದಳು ಅಂಜನಾ. "ಅವಳದೂ ನನ್ನದೂ ಎತ್ತರ ಒಂದೇ. ನನ್ನ ಕೆಲಸ ಎಂಥದ್ದು ಅಂತ ಆಮೇಲೆ ನೋಡಿ."

ಈಗ ಅವಳು ಕನ್ನಡಿಯ ಮುಂದೆ ಕೂತಿದ್ದಾಗ ಡೇರೆಯ ಪರದೆ ಸರಿಯಿತು. ಮುಸುಕು ಹಾಕಿದ ಲಾಲಮ್ಮ. ಹಿಂದೆ ಹುಲಗಪ್ಪ.

"ಹಲ್ಲು ತಂದಿಯೇನವ್ವಾ? ಇವತ್ತ ಬಾ ಅಂದಿದ್ದಿ. ಎರಡು ಬಸ್ಸು ಬದಲಿ ಮಾಡಿ ಬಂದೀನಿ."

ಅಂಜನಾಗೆ ಅದು ಮರೆತೇಹೋಗಿತ್ತು. "ಇನ್ನೂ ಆಗಿಲ್ಲ ಅಜ್ಜಿ. ಕೆಲಸ ಬಹಳ ಇತ್ತು."

ಮುದುಕಿಯ ಕಣ್ಣು ಮೇಜಿನ ಮೇಲೆ ಹೋಯಿತು. ಅಲ್ಲೊಂದು ಡಬ್ಬಿಯಲ್ಲಿ ಹಲ್ಲಿನ ಪಟ್ಟಿ ಇತ್ತು. ಹಳದಿ, ಮೊಂಡು, ಜಜ್ಜಿದ ಹಲ್ಲುಗಳು. ಒಂದೊಂದು ಚೂರೂ ಅವಳದೇ.

"ಮುರದ ಹಲ್ಲು ಮಾಡಾಕ ಪುರಸತ್ತು ಸಿಕ್ತು," ಅಂದಳು ಲಾಲಮ್ಮ. "ನೆಟ್ಟಗಿನವು ಮಾಡಾಕ ಸಿಗಲಿಲ್ಲ."

ಆಮೇಲೆ ಮರದ ತಲೆಗೆ ತೊಡಿಸಿದ್ದ ತನ್ನ ಮುಖವನ್ನು ಕಂಡಳು. ಹೊರಗಿನ ಮಂದಿಯ ಗದ್ದಲ ಕೇಳಿದಳು. ಅವಳಿಗೆ ಎಲ್ಲ ತಿಳಿಯಿತು.

"ಮಂದಿ ಮುಂದ ಇಡಲ್ಲ ಅಂದಿದ್ದಿ."

"ಇದು ಬರೀ ರಬ್ಬರು ಅಜ್ಜಿ. ನಿಮ್ಮ ಮುಖ ನಿಮ್ಮ ಹತ್ತಿರವೇ ಇದೆಯಲ್ಲ."

"ಬರೀ ರಬ್ಬರು ಸಾಕಿದ್ರ ನನ್ನ ತನಕ ಯಾಕ ಬಂದಿ? ಅಂಗಡ್ಯಾಗ ಸಿಗ್ತಿತ್ತು." ಲಾಲಮ್ಮ ರಬ್ಬರಿನ ಕೆನ್ನೆಯತ್ತ ಬೆರಳು ತೋರಿದಳು. "ಅಂದು ಅವ್ರು ನನ್ನ ಕೇಳಲಿಲ್ಲ. ನೀ ಕೇಳಿ ಸುಳ್ಳ ಹೇಳಿದಿ. ಕಲ್ಲ ಹಿಡಿದವರೇ ನಿನಕಿಂತ ಬೇಷಿದ್ರು."

"ತಾತಾ, ಇವರನ್ನು ಹೊರಗೆ ಕೂರಿಸಿ," ಅಂದಳು ಅಂಜನಾ. ಅವಳಿಗೂ ಸಿಟ್ಟು ಬಂದಿತ್ತು. ತಪ್ಪು ಮಾಡಿದವರಿಗೆ ಬರುತ್ತದಲ್ಲ, ಆ ಸಿಟ್ಟು.

ಹುಲಗಪ್ಪ ಲಾಲಮ್ಮನನ್ನು ಹೊರಗೆ ಕೂರಿಸಿ ಬಂದು, ಬಾಗಿಲಲ್ಲಿ ನಿಂತು ಕೈ ಮುಗಿದ. "ಕಿವಿ ಹಿಂದ ಜರಾ ಜಾಗರೀ ತಂಗಿ. ಅಷ್ಟರೇ ಮಾಡ್ರಿ."

ಅವಳು ಮಾಡಲಿಲ್ಲ. ರಬ್ಬರನ್ನು ಹಣೆಯಿಂದ ಕೆಳಗೆ ಒತ್ತುತ್ತ ಬಂದಳು. ಕಾಗದಕ್ಕಿಂತ ತೆಳ್ಳಗಿನ ಅಂಚನ್ನು ಸ್ಪಿರಿಟ್ಟಿನ ಹತ್ತಿಯಿಂದ ಕರಗಿಸಿದಳು. ಕತ್ತು ಕರಗಿತು, ಗಲ್ಲ ಕರಗಿತು. ಕೊನೆಗೆ ಬಲಕಿವಿಯ ಹಿಂದೆ ಹೆಬ್ಬೆಟ್ಟಿನಷ್ಟು ಬರಿಯ ಚರ್ಮ ಉಳಿಯಿತು. ಒಂದು ಗಳಿಗೆ ಹತ್ತಿ ನಿಂತಿತು. ಹುಲಗಪ್ಪನ ಮುಖ ನೆನಪಾಗಿ ಅವಳಿಗೆ ನಗು ಬಂತು. ಅದನ್ನೂ ಮುಚ್ಚಿದಳು.

ಮುರುಕು ಹಲ್ಲಿನ ಪಟ್ಟಿ ಬಾಯಿಗೆ ಕೂತಾಗ ತಣ್ಣಗೆ ರಕ್ತದ ರುಚಿ ಬಂತು. ಸಕ್ಕರೆಪಾಕದ್ದಲ್ಲ. ಉಪ್ಪು.

ಬಯಲಿನಲ್ಲಿ ಇನ್ನೂರು ಮಂದಿ ನಿಂತಿದ್ದರು. ಹತ್ತಿ ಬಿಡಿಸುವವರು, ಗದ್ದೆಯ ಕೂಲಿಯವರು, ಸಿನಿಮಾ ನೋಡುವ ಆಸೆಗೆ ಬಂದ ಹೆಂಗಸರು. ಎಲ್ಲರ ಕೈಯಲ್ಲೂ ಥರ್ಮಾಕೋಲಿನ ಕಲ್ಲು. ಮುಂದಿನ ಸಾಲಿನಲ್ಲಿ ಪರಮಣ್ಣ. ದಿನಾ ಬೆಳಿಗ್ಗೆ ಅವಳಿಗೆ ಚಹಾ ತರುವವನು. ಅವಳು ಮುಖದ ಮೇಲೆ ಬಟ್ಟೆ ಹೊದ್ದು ನಡೆದು ಬಂದಾಗ ಅವನು ನಕ್ಕ. "ಏನ್ರೀ ಮೇಡಂ, ಮೆತ್ತಗ ಹೊಡಿಲೇನು, ಜೋರ ಹೊಡಿಲೇನು?"

"ಜೋರಾಗಿಯೇ ಹೊಡಿ ಪರಮಣ್ಣ. ಹೂವಿಗಿಂತ ಹಗುರ ಅದು."

ಬಂಡೆಗಳ ನಡುವೆ ಮಂಡಿಯೂರಿದಳು. ವಿಶ್ವರಾಧ್ಯ "ಆ್ಯಕ್ಷನ್" ಎಂದು ಕೂಗಿದ. ಅವಳು ಬಟ್ಟೆ ತೆಗೆದಳು.

ಗದ್ದಲ ನಿಂತಿತು.

ಇನ್ನೂರು ಜನ ಒಟ್ಟಿಗೆ ಉಸಿರು ಒಳಗೆಳೆದುಕೊಂಡ ಸದ್ದು ಕೇಳಿಸಿತು. ಮೊದಲು ಥರ್ಮಾಕೋಲು ಬಂತು. ಮಂಡಕ್ಕಿ ಎರಚಿದಂತೆ ಎದೆಗೆ, ಹೆಗಲಿಗೆ ತಾಗಿ ಉರುಳಿತು. ಆಮೇಲೆ ಮಂದಿಯ ಕೈ ಖಾಲಿಯಾದವು.

ಆ ಕೈಗಳು ಕೆಳಗೆ ಹೋದವು.

ಅವಳು ನೋಡಿದಳು. ಪರಮಣ್ಣ ಬಗ್ಗಿದ. ಅವನ ಮುಖದಲ್ಲಿ ನಗು ಇನ್ನೂ ಹಾಗೇ ಇತ್ತು, ತೆಗೆಯಲು ಮರೆತಂತೆ. ಕಣ್ಣಲ್ಲಿ ಅವನಿರಲಿಲ್ಲ. ಅವನು ಎದ್ದಾಗ ಕೈಯಲ್ಲಿ ಕರಿಕಲ್ಲು.

ಠಣ್.

ಕಿವಿಯ ಪಕ್ಕದ ಬಂಡೆಗೆ ಬಡಿಯಿತು. ಸುಟ್ಟ ಕಲ್ಲಿನ ವಾಸನೆ. ಎರಡನೆಯದು ಹೆಗಲಿಗೆ. ಮೂರನೆಯದು ಎಲ್ಲಿಗೆ ಬಿತ್ತೋ ತಿಳಿಯಲಿಲ್ಲ. "ನಿಲ್ಲಿಸಿ! ನಾನು ಅಂಜನಾ!" ಅಂದಳು. ಹೊರಗೆ ಬಂದದ್ದು ಸೀಟಿ. ಹಲ್ಲಿನ ಸಂದಿಯ ಸೀಟಿ. "ಕಟ್ ಮಾಡಬೇಡ," ಎಂದು ವಿಶ್ವರಾಧ್ಯ ಕ್ಯಾಮರಾದವನಿಗೆ ಹೇಳುತ್ತಿದ್ದ. "ಏನು ನಟನೆ ಇದು!" ಅವಳು ಮುಖ ಕೀಳಲು ಹೋದಳು. ಉಗುರಿಗೆ ಅಂಚು ಸಿಗಲಿಲ್ಲ. ಹಣೆಯಲ್ಲಿಲ್ಲ. ಗಲ್ಲದಲ್ಲಿಲ್ಲ. ಎಲ್ಲೂ ಇಲ್ಲ. ಎಷ್ಟು ಚೆನ್ನಾಗಿ ಮಾಡಿದ್ದಳು! ಉಗುರು ಚರ್ಮ ಕೆರೆಯಿತು. ಯಾರ ಚರ್ಮ? ಕಲ್ಲು. ಮತ್ತೆ ಕಲ್ಲು. ಬಾಯಿಗೊಂದು. ಬಾಯ ತುಂಬ ಚೂರು. ಪ್ಲಾಸ್ಟಿಕ್ಕೋ, ಎಲುಬೋ. ಉಗುಳಿದಳು. ಬಿಳಿ. ಅವಳದೇ.

ಆಗ ಬೆರಳ ಸಂದಿಯಿಂದ ಕಂಡಿತು. ಮಂದಿಯ ನಡುವಿನಿಂದ ಲಾಲಮ್ಮ ಬರುತ್ತಿದ್ದಳು. ತಲೆಯ ಮೇಲೆ ಸೆರಗಿರಲಿಲ್ಲ. ಬಿಸಿಲು ನೇರ ಮುಖಕ್ಕೆ ಬೀಳುತ್ತಿತ್ತು. ಕಲ್ಲು ಎತ್ತಿದ್ದ ಒಬ್ಬ ಹೆಂಗಸು ಅವಳ ತೋಳು ಹಿಡಿದು, "ಸರಿ ಬೇ ಯವ್ವಾ, ನಿನಗ ಪೆಟ್ಟು ಬಿದ್ದೀತು," ಅಂದಳು. ಎಷ್ಟು ಅಕ್ಕರೆಯಿಂದ!

ಲಾಲಮ್ಮ ನಿಂತುಬಿಟ್ಟಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಯಾರ ಕೈಯೂ ಅವಳ ಕಡೆ ಏಳಲಿಲ್ಲ. ಮೂವತ್ತು ವರ್ಷದ ಮೇಲೆ ಮೊದಲ ಸಲ ಮಂದಿಯ ನಡುವೆ ಅವಳ ಮುಖ ಬರೀ ಮುಖವಾಗಿತ್ತು. ಅವಳು ಅಲ್ಲೇ ನಿಂತಳು. ಅಂಜನಾ ಕೈ ಚಾಚಿದಳು. ಲಾಲಮ್ಮ ನಿಂತೇ ಇದ್ದಳು. ಇನ್ನೆರಡು ಕಲ್ಲು ಬಿದ್ದವು. ಆ ಎರಡು ಕಲ್ಲುಗಳನ್ನು ಅವಳು ಬೀಳಲು ಬಿಟ್ಟಳು. ಅದು ಅಂಜನಾಗೆ ಇಂದಿಗೂ ಗೊತ್ತು.

ಆಮೇಲೆ ಬಂದಳು. ಅವಳ ಮೇಲೆ ಬಗ್ಗಿ, ಬಲಕಿವಿಯ ಹಿಂದೆ ಹೆಬ್ಬೆಟ್ಟಿನ ಉಗುರು ಊರಿದಳು. ರಬ್ಬರೂ ಚರ್ಮವೂ ಒಟ್ಟಿಗೆ ಹರಿದವು. ಅಂಜನಾಳ ಕಿರುಚು ಬಂಡೆಗಳಲ್ಲಿ ಸುತ್ತಿತು. ಮುಖ ಪೂರ್ತಿ ಕಿತ್ತು ಬಂತು.

ಕಲ್ಲು ನಿಂತವು. ಮಂದಿ ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತ ನಿಂತರು. ಪರಮಣ್ಣ ಕುಸಿದು ಕೂತ. "ನನಗ ಗೊತ್ತಿಲ್ರೀ ಮೇಡಂ... ಕೈ ತಾನೇ ಹೋತ್ರಿ... ನನ್ನ ಮಕ್ಕಳಾಣಿ..."

ಹುಲಗಪ್ಪ ಅವಳ ಕಿವಿಯ ಹಿಂದಿನ ಗಾಯ ನೋಡಿದ. ತಲೆಯಾಡಿಸಿದ. "ಹರಿದು ಮಾಡಿದ್ದು ದಾರಿ ಅಲ್ರಿ ಅದು. ಗಾಯ," ಎಂದಷ್ಟೇ ಹೇಳಿದ.

ಮುಂದಿನ ನಾಲ್ಕು ಹಲ್ಲು ಹೋದವು. ಕೆನ್ನೆಗೆ ಹನ್ನೊಂದು ಹೊಲಿಗೆ. ಗಾಯ ಮಾಯುತ್ತ ಮಾಯುತ್ತ ಕೆನ್ನೆ ಒಳಗೆ ಕುಸಿಯಿತು, ತುಟಿ ವಾರೆಯಾಗಿ ಕೂಡಿತು. ಕನ್ನಡಿಯಲ್ಲಿ ನೋಡಿದಾಗ ಅಂಜನಾಗೆ ಅಳತೆ ಹಿಡಿಯಬೇಕಾಗಿರಲಿಲ್ಲ. ಆ ಗುಳಿಗಳನ್ನು ಅವಳ ಬೆರಳುಗಳೇ ತಿದ್ದಿದ್ದವು.

ಎರಡು ತಿಂಗಳ ಮೇಲೆ ತಿಂಥಣಿಗೆ ಹೋದಳು. ದುಪಟ್ಟಾದಿಂದ ಮುಖ ಬಿಗಿದು ಸುತ್ತಿದ್ದಳು. ಆಸ್ಪತ್ರೆಯ ಅಂಗಳದಲ್ಲಿ ಒಮ್ಮೆ, ಬಾಡಿಗೆ ಮನೆಯ ಬೀದಿಯಲ್ಲಿ ಒಮ್ಮೆ, ಮಂದಿಯ ನಡುವೆ ಮುಖ ತೆರೆದು, ಎರಡೂ ಸಲ ಕಲ್ಲಿಗೆ ಸಿಗದೆ ಓಡಿ ಉಳಿದಿದ್ದಳು. ಕೈಯಲ್ಲೊಂದು ಡಬ್ಬಿ. ಅದರಲ್ಲಿ ನೆಟ್ಟಗಿನ, ಬಿಳಿಯ, ಗಟ್ಟಿ ಹಲ್ಲುಗಳು.

ಲಾಲಮ್ಮ ಹೆಂಗಸರ ಗುಂಪಿನ ನಡುವೆ ಕೂತು ಜೋರಾಗಿ ಹರಟುತ್ತಿದ್ದಳು. ಎದ್ದು ಬಂದು ಅಂಜನಾಳ ಕೈಯಿಂದ ಡಬ್ಬಿ ತೆಗೆದುಕೊಂಡಳು. ಹಲ್ಲು ಹಾಕಿಕೊಂಡಳು. ಮಡಿಲಿನಿಂದ ಖಡಕ್ ರೊಟ್ಟಿ ತೆಗೆದು ಕಚ್ಚಿದಳು.

ಕಟಕ್.

ಕಣ್ಣು ಮುಚ್ಚಿ ಅಗಿದಳು. ಅವಳ ಗಲ್ಲದ ಮೇಲೆ ನೀರು ಇಳಿಯಿತು.

"ಅಜ್ಜಿ," ಅಂಜನಾಳ ಮಾತು ಸೀಟಿಯಂತೆ ಬಂತು. "ಇದನ್ನು ಕಳೆಯೋದು ಹೇಗೆ?"

ಲಾಲಮ್ಮ ಕಣ್ಣು ತೆರೆದಳು. ಆ ಕಣ್ಣಲ್ಲಿ ಕನಿಕರ ಇತ್ತು. ಕನಿಕರದ ಕೆಳಗೆ ಸಿಟ್ಟು ಇನ್ನೂ ಆರಿರಲಿಲ್ಲ.

"ಗೊತ್ತಿದ್ರ ಮೂವತ್ತು ವರ್ಷ ಮುಸುಕು ಹಾಕ್ತಿದ್ನೇನವ್ವಾ?" ಅಂದಳು. ಅರ್ಧ ರೊಟ್ಟಿ ಮುರಿದು ಕೊಟ್ಟಳು. "ತಗೊ. ನೀರಾಗ ನೆನಸಿ ತಿನ್ನು."

ಯಾದಗಿರಿಯ ಬಸ್ ನಿಲ್ದಾಣದಲ್ಲಿ ಇಳಿದಾಗ ಇನ್ನೂ ಹಗಲಿತ್ತು. ಮಂದಿಯೋ ಮಂದಿ. ಬಸ್ಸೊಂದು ರಭಸದಿಂದ ತಿರುಗಿ, ಧೂಳಿನ ಗಾಳಿ ಎದ್ದು, ದುಪಟ್ಟಾ ಕಿವಿಯಿಂದ ಜಾರಿತು.

ಹಿಡಿಯಲು ಅವಳು ಕೈ ಎತ್ತಿದಳು. ಅಷ್ಟರಲ್ಲಿ ಎದುರಿಗೆ, ಮಲಗಿದ ಕೂಸನ್ನು ತಟ್ಟುತ್ತ ನಿಂತಿದ್ದ ತಾಯಿ ತಟ್ಟುವುದನ್ನು ನಿಲ್ಲಿಸಿದಳು. ಕೂಸನ್ನು ಮೆತ್ತಗೆ, ಬಹಳ ಜೋಪಾನವಾಗಿ ನೆಲದ ಮೇಲೆ ಮಲಗಿಸಿದಳು. ಎರಡೂ ಕೈ ಖಾಲಿ ಮಾಡಿಕೊಂಡಳು.