ಕೇಳಿ ತಿಂದ ಊಟ

ಮಾರ್ಚ್ ಹದಿನಾಲ್ಕು, ಶನಿವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ರೈಲ್ವೆ ಸ್ಟೇಷನ್ನಿನ ಹೊರಗೆ, ಸೂಪು ಮಾರುವ ಗಾಡಿಯ ಪಕ್ಕದಲ್ಲಿ, ಅವನು ಹಬೆಯಾಡುವ ಕಪ್ಪೊಂದನ್ನು ನನ್ನತ್ತ ಚಾಚಿದ. ನಾನು ಬೇಡ ಎಂದೆ. ನಮ್ಮ ಪರಿಚಯ ಶುರುವಾದದ್ದೇ ಆ ಬೇಡದಿಂದ.

ಅವನು ಭಾವನ ಆಫೀಸಿನಲ್ಲಿ ಕಟ್ಟಡಗಳ ನಕ್ಷೆ ಬರೆಯುವವನು. ಈ ಊರಲ್ಲಿ ನಾಲ್ಕು ವರ್ಷ ಓದಿದ್ದನಂತೆ. ಅಕ್ಕ, ಭಾವ, ನಾನು ಎರಡು ದಿನ ಊರು ನೋಡಲು ಹೊರಟಾಗ, ದಾರಿ ತೋರಿಸಲು ಇರಲಿ ಎಂದು ಭಾವ ಅವನನ್ನೂ ಹೊರಡಿಸಿದ್ದರು. ಎಲ್ಲರಿಗೂ ಅವನು 'ನಕ್ಷೆ'. ಮೊದಲ ಅರ್ಧ ಗಂಟೆಯಲ್ಲೇ ಒಂದೇ ಗಲ್ಲಿಗೆ ಎರಡು ಸಲ ನುಗ್ಗಿಸಿದ. ನಕ್ಷೆಯನ್ನು ತಿರುವುಮುರುವಾಗಿ ಹಿಡಿದಿದ್ದೇವೆ ಎಂದು ಭಾವ ನಕ್ಕರು.

ಅವನಿಗೆ ಗೊತ್ತಿಲ್ಲದ್ದು ಇಷ್ಟು. ನನ್ನ ಕಿಡ್ನಿಗಳು ಕೈಕೊಟ್ಟು ಮೂರು ವರ್ಷವಾಗಿದೆ. ಸೋಮವಾರ, ಬುಧವಾರ, ಶುಕ್ರವಾರ ನಾಲ್ಕು ಗಂಟೆ ಡಯಾಲಿಸಿಸ್ ಮಷಿನ್ನಿಗೆ ಅಂಟಿಕೊಂಡು ಮಲಗಬೇಕು. ನಿನ್ನೆಯದು ಮುಗಿಸಿಕೊಂಡು ಬಂದಿದ್ದೆ. ಗೂಟಕ್ಕೆ ಕಟ್ಟಿದ ಹಸುವಿಗೂ ಒಂದಷ್ಟು ಹುಲ್ಲು ಸಿಗುತ್ತದೆ, ಆದರೆ ಹಗ್ಗದ ಉದ್ದದಷ್ಟೇ. ನನ್ನ ಪ್ರಪಂಚಕ್ಕೂ ಒಂದು ತ್ರಿಜ್ಯವಿದೆ. ಕೆಲಸ ನೀರು ಪರೀಕ್ಷಿಸುವ ಲ್ಯಾಬಿನಲ್ಲಿ. ದಿನವಿಡೀ ಬಾಟಲಿಗಟ್ಟಲೆ ನೀರು ನನ್ನ ಕೈ ದಾಟಿ ಹೋಗುತ್ತದೆ, ಗಂಟಲು ದಾಟುವುದು ಅಕ್ಕ ಗೆರೆ ಹಾಕಿಕೊಟ್ಟ ಪುಟ್ಟ ಬಾಟಲಿಯದು ಮಾತ್ರ.

ಈ ಎರಡು ದಿನ ನಾನು ಯಾರ ಪೇಷಂಟೂ ಅಲ್ಲ, ಅವನಿಗೆ ಏನೂ ಹೇಳಕೂಡದು ಎಂದು ಅಕ್ಕನಿಂದ ಮಾತು ತೆಗೆದುಕೊಂಡಿದ್ದೆ. ಗೊತ್ತಾದ ಕೂಡಲೇ ಜನರ ಮುಖದಲ್ಲಿ ಬರುವ ಆ ಮೆತ್ತಗಿನ ನೋಟವನ್ನು ನಾನು ಬಲ್ಲೆ. ಒಮ್ಮೆ ನನ್ನನ್ನು ನೋಡಲು ಬಂದಿದ್ದವರು ವಿಷಯ ಕೇಳಿ ಬಹಳ ಪ್ರೀತಿಯಿಂದ ಮಾತಾಡಿದ್ದರು, ಬಹಳ ಬೇಗ ಕಾಫಿ ಮುಗಿಸಿದ್ದರು.

ಮಧ್ಯಾಹ್ನ ಮೀನು ಹುರಿಯುವ ಬೀದಿಗೆ ಹೋದೆವು. ಎಣ್ಣೆಯ ಸದ್ದು, ನಿಂಬೆಯ ವಾಸನೆ, ಕಾಗದದ ತಟ್ಟೆ ಹಿಡಿದು ನಿಂತೇ ತಿನ್ನುವ ಜನ. ನನ್ನ ಪಾಲಿಗೆ ಕೈಚೀಲದಲ್ಲಿ ಉಪ್ಪಿಲ್ಲದ ಅನ್ನವಿತ್ತು. ಹಸಿವಿಲ್ಲ ಎಂದೆ. ಅವನು ಓರೆಗಣ್ಣಲ್ಲಿ ನೋಡಿ, ಲ್ಯಾಬ್ ರಿಪೋರ್ಟ್ ಬಾರದೆ ಮೇಡಂ ಏನನ್ನೂ ಬಾಯಿಗಿಡುವುದಿಲ್ಲವೋ ಏನೋ ಎಂದು ಭಾವನ ಕಿವಿಯಲ್ಲಿ, ನನಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದ. ಅಕ್ಕನ ಮುಖ ಕೆಂಪಾಯಿತು. ನನಗೆ ಮಾತ್ರ ಖುಷಿಯಾಯಿತು. ನನ್ನನ್ನು ಜಂಬದವಳು ಅಂದುಕೊಂಡವರನ್ನು ಕಂಡು ಎಷ್ಟು ಕಾಲವಾಗಿತ್ತೋ.

"ಹೇಗಿದೆ ಅಂತ ಹೇಳಿ," ಎಂದೆ. "ಸರಿಯಾಗಿ ಹೇಳಿದ್ರೆ ನಿಮ್ಮ ಮಾತು ಮಾಫಿ."

ಚೆನ್ನಾಗಿದೆ ಎಂದ. ಅದು ಉತ್ತರವಲ್ಲ ಎಂದೆ. ಅವನು ಇನ್ನೊಂದು ತುಣುಕು ಬಾಯಿಗಿಟ್ಟು ಕಣ್ಣು ಮುಚ್ಚಿದ. ರೆಪ್ಪೆಗಳು ಸಣ್ಣಗೆ ಅದುರಿದವು. ಹೊರಗಿನ ಪದರ ಒಣಗಿದ ಎಲೆಯಂತೆ ಮುರಿಯುತ್ತದೆ, ಆಮೇಲೆ ಒಳಗೆ ಏನೂ ಇಲ್ಲವೇನೋ ಅನ್ನುವಷ್ಟು ಮೆತ್ತಗೆ, ಕೊನೆಗೆ ನಾಲಿಗೆಯ ಬದಿಯಲ್ಲಿ ನಿಂಬೆ ಚಿಟಿಕೆ ಹೊಡೆಯುತ್ತದೆ ಎಂದ. ಕಣ್ಣು ಬಿಟ್ಟಾಗ ನಾನು ಅವನನ್ನೇ ನೋಡುತ್ತಿದ್ದೆ. ತಪ್ಪಿಸಿಕೊಳ್ಳಲು ಹೊತ್ತೇ ಸಿಗಲಿಲ್ಲ.

ಅಲ್ಲಿಂದ ಅದೇ ಆಟವಾಯಿತು. ಮ್ಯೂಸಿಯಂ ಎದುರಿನ ಬೇಕರಿಯಲ್ಲಿ ಅವನು ಸಕ್ಕರೆ ಉದುರಿಸಿದ ಬನ್ ತಿಂದ, ನಾನು ಕೇಳಿದೆ. ಹೊಳೆಯ ದಂಡೆಯಲ್ಲಿ ಕಲ್ಲಂಗಡಿ, ಸೇತುವೆಯ ಮೇಲೆ ಸುಟ್ಟ ಜೋಳ. ಜೋಳವನ್ನು ವರ್ಣಿಸುವಾಗ ಹಲ್ಲಿನ ಸಂದಿಗೆ ಸಿಪ್ಪೆ ಸಿಕ್ಕಿಕೊಂಡು ಅವನ ಕಾವ್ಯ ಅರ್ಧಕ್ಕೆ ನಿಂತಿತು. ನಾನು ನಕ್ಕೆ. ಗಂಟಲು ಒಣಗಿ ನಗು ಕೆಮ್ಮಾಯಿತು. ಅಕ್ಕ ದೂರದಿಂದಲೇ ಬಾಟಲಿ ಎತ್ತಿ ತೋರಿಸಿದಳು. ನಾನು ಕಂಡೂ ಕಾಣದವಳಂತಿದ್ದೆ.

ಭಾನುವಾರ ಬೆಳಿಗ್ಗೆ ಹಳೆಯ ಕಾವಲು ಗೋಪುರ. ಸುರುಳಿ ಮೆಟ್ಟಿಲು, ಒಬ್ಬರ ಹಿಂದೆ ಒಬ್ಬರೇ ಹೋಗಬೇಕು. ಏರಬೇಡ ಎಂದು ಅಕ್ಕ ಕಣ್ಣಲ್ಲೇ ಹೇಳಿದಳು. ಇದಕ್ಕೂ ಬೇಡವೇ ಎಂದು ಅವನು ಹುಬ್ಬು ಹಾರಿಸಿದ. ನನ್ನ ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟಿದೆಯೆಂದು ನನಗೆ ಗೊತ್ತು. ಗೊತ್ತಿದ್ದೂ ಏರಿದೆ. ಅಕ್ಕ, ಭಾವ ಕೆಳಗೇ ಉಳಿದರು.

ಅರ್ಧ ದಾರಿಯಲ್ಲಿ ಸಾಲು ನಿಂತಿತು. ಮೇಲಿನವರು ಕದಲಲಿಲ್ಲ, ಕೆಳಗಿನವರು ಒತ್ತುತ್ತಲೇ ಇದ್ದರು. ಕಲ್ಲಿನ ಗೋಡೆ ಎರಡೂ ಭುಜ ಮುಟ್ಟುತ್ತಿತ್ತು. ಎದೆ ಬಡಿಯತೊಡಗಿತು, ಕಣ್ಣಂಚು ಕಪ್ಪಾಯಿತು. ನಾನು ವಾಲಿದೆ. ಮುಂದಿದ್ದ ಅವನು ತಿರುಗಿ ನನ್ನ ಎಡಗೈ ಹಿಡಿದ, ಮಣಿಕಟ್ಟಿನ ಮೇಲೆ, ಬಳೆಯನ್ನೂ ವಾಚನ್ನೂ ತಾಗಗೊಡದ ಜಾಗದಲ್ಲಿ.

ಹಿಡಿದವನು ಹಾಗೇ ನಿಂತ.

"ಇದೇನು, ಒಳಗೆ ಗುಂಯ್ ಅಂತಿದೆ?"

"ರಕ್ತ," ಎಂದೆ. "ಮಷಿನ್ನಿಗೆ ಅನುಕೂಲ ಆಗ್ಲಿ ಅಂತ ಎರಡು ರಕ್ತನಾಳ ಸೇರಿಸಿ ಹೊಲಿದಿದ್ದಾರೆ. ಗಟ್ಟಿ ಹಿಡೀಬೇಡಿ, ನಿಂತುಹೋಗುತ್ತೆ."

ಕೈ ಕಿತ್ತುಕೊಳ್ಳುತ್ತಾನೆ ಎಂದುಕೊಂಡೆ. ಅವನು ಹಿಡಿತ ಸಡಿಲಿಸಿದ, ಬಿಡಲಿಲ್ಲ. ಮಲಗಿದ ಬೆಕ್ಕಿನ ಮೇಲೆ ಇಡುವಂತೆ ಬೆರಳುಗಳನ್ನು ಹಗುರಾಗಿ ಇಟ್ಟ. ಇನ್ನು ಮುಚ್ಚಿಡಲು ಏನೂ ಇರಲಿಲ್ಲ. ಉಸಿರು ಸಿಕ್ಕಷ್ಟು ಸಿಕ್ಕಷ್ಟೇ ಎಲ್ಲ ಹೇಳಿದೆ: ಮಷಿನ್ನು, ಬಾಟಲಿಯ ಗೆರೆ, ಉಪ್ಪಿಲ್ಲದ ಅನ್ನ, ನನ್ನ ಜೊತೆಗಿರುವವರ ವಾರವೂ ಮೂರು ತುಂಡಾಗುವುದು. ನಿಜ ಹೇಳಲು ಅದಕ್ಕಿಂತ ಕೆಟ್ಟ ಜಾಗವಿಲ್ಲ. ಹೇಳಿದವಳಿಗೂ ಓಡಲು ದಾರಿಯಿಲ್ಲ, ಕೇಳಿದವನಿಗೂ ಇಲ್ಲ. ಹಿಂದಿನಿಂದ ಒಬ್ಬ ಹಿರಿಯರು, ಮಾತುಕತೆ ಮೇಲೆ ಹೋಗಿ ಇಟ್ಟುಕೊಳ್ಳಿ ಮಕ್ಕಳೇ, ನನ್ನ ಕಾಲು ಮರಗಟ್ಟಿದೆ ಎಂದು ಗೊಣಗಿದರು.

ಸಾಲು ನಿಧಾನವಾಗಿ ಕದಲಿತು. ತುದಿಯಲ್ಲಿ ಗಾಳಿಯಿತ್ತು. ಹೊಳೆ, ಸೇತುವೆ, ಮೀನಿನ ಬೀದಿಯ ಹೊಗೆ, ಎಲ್ಲ ಅಂಗೈಯಗಲ ಕಾಣುತ್ತಿತ್ತು. ಇಷ್ಟು ಬಯಲು ನೋಡಿಯೂ ಇಳಿಯಬೇಕಾದದ್ದು ಅದೇ ಕತ್ತಲ ಸುರುಳಿಯಲ್ಲಿ.

"ನಿನ್ನೆಯಿಂದ ನಾನು ತಿಂದದ್ದೆಲ್ಲ," ಎಂದ ಅವನು, ಹೊಳೆಯತ್ತ ನೋಡುತ್ತಾ, "ನಿಮಗೆ ಹೇಳೋದಕ್ಕೇ ತಿಂದದ್ದು. ನನ್ನ ಹೊಟ್ಟೆ ಮಧ್ಯಾಹ್ನವೇ ತುಂಬಿತ್ತು."

ನನಗೆ ಅಳು ಬಂತು. "ಇವತ್ತು ಇನ್ನೇನೂ ಹೇಳ್ಬೇಡಿ. ಪ್ರವಾಸದಲ್ಲಿ ಎಲ್ಲರೂ ಒಳ್ಳೆಯವರೇ. ಸೋಮವಾರದ ನನ್ನನ್ನ ನೋಡಿ, ಆಮೇಲೆ ಮಾತು."

ಅವನು ನನ್ನ ಮಾತು ಪಾಲಿಸಿದ, ಬೇಕಾದ್ದಕ್ಕಿಂತ ಹೆಚ್ಚೇ ಪಾಲಿಸಿದ. ವಾಪಸು ರೈಲಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತವನು ಒಂದು ಮಾತೂ ಆಡಲಿಲ್ಲ. ಭಾವ ಎರಡು ಜೋಕು ಮಾಡಿ ಸೋತರು. ಅಕ್ಕ ನನ್ನ ಮುಖ ನೋಡಿ ಎಲ್ಲ ಅರ್ಥ ಮಾಡಿಕೊಂಡು, ಬಾಟಲಿಯ ಕೊನೆಯ ಗುಟುಕು ಕೊಟ್ಟಳು. ನಾನು ಅವನನ್ನು ಕಳೆದುಹೋದವರ ಲೆಕ್ಕಕ್ಕೆ ಸೇರಿಸಿದೆ.

ಸೋಮವಾರ ಎಂದಿನಂತೆ ಸೂಜಿಗಳು ಒಳಗೆ ಹೋದವು, ಪಂಪು ತಿರುಗಿತು. ಕೊಳವೆಗಳು ಕೆಂಪಾದ ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಅವನು ನಿಂತಿದ್ದ, ಬೂಟಿನ ಮೇಲೆ ನೀಲಿ ಪ್ಲಾಸ್ಟಿಕ್ ಕವಚ ಹಾಕಿಕೊಂಡು. ನನ್ನ ರಕ್ತ ನನ್ನ ಹೊರಗೆ ಸುತ್ತುತ್ತಿರುವುದನ್ನು ಕಂಡು ಬಿಳಿಚಿಕೊಂಡ. ನರ್ಸಮ್ಮ ಸ್ಟೂಲು ತಳ್ಳಿ, ಬೀಳುವುದಿದ್ದರೆ ಹೊರಗೆ ಹೋಗಿ ಬೀಳಿ ಎಂದರು. ಅವನು ಕೂತ. ನಾನು ಮುಖ ತಿರುಗಿಸಬಹುದಿತ್ತು, ಎದ್ದು ಹೋಗುವಂತಿರಲಿಲ್ಲ. ನೋಡಲಿ ಬಿಡು ಎಂದುಕೊಂಡೆ.

ಮುಖಕ್ಕೆ ಬಣ್ಣ ಮರಳಿದ ಮೇಲೆ ಅವನು ಎದ್ದು, ಜೇಬಿನಿಂದ ಉಕ್ಕಿನ ಅಳತೆ ಟೇಪು ತೆಗೆದು ಮಷಿನ್ನಿನ ಮುಂದೆ ಬಗ್ಗಿದ. ಇದೇನು ಫರ್ನಿಚರ್ ಅಂಗಡಿಯೇ ಎಂದು ನರ್ಸಮ್ಮ ಗದರಿದರು.

ಕೆಳಗೆ ಡಾಕ್ಟರನ್ನು ಕಂಡೇ ಬಂದೆ ಎಂದ. ತರಬೇತಿ ತೆಗೆದುಕೊಂಡರೆ ಇಂಥದ್ದನ್ನು ಮನೆಯಲ್ಲೇ ಇಡಬಹುದಂತೆ. ನೀರಿನ ಪೈಪು ಬೇರೆ ಎಳೆಸಬೇಕಂತೆ. ಹಿಂದೊಮ್ಮೆ ಇಂಥದೇ ಕೋಣೆಯ ನಕ್ಷೆ ಬರೆದಿದ್ದ ಅವನು, ರೈಲಿನಲ್ಲಿ ಕಿಟಕಿಗೆ ಒರಗಿ ಮನಸ್ಸಿನಲ್ಲೇ ಆ ಪೈಪು ಎಳೆಯುತ್ತಿದ್ದನಂತೆ.

"ಅಗಲ ಐವತ್ನಾಲ್ಕು," ಎಂದು ತನಗೇ ಹೇಳಿಕೊಂಡ. ಆಮೇಲೆ ನನ್ನತ್ತ ತಿರುಗಿದ. "ನಮ್ಮ ಮನೆ ರೂಮಿನ ಬಾಗಿಲನ್ನ ಬೆಳಿಗ್ಗೆನೇ ಅಳೆದು ಬಂದೆ. ಎಷ್ಟು ಅಂತ ಕೇಳಲ್ವಾ?"

ಸೂಜಿಯಿಲ್ಲದ ಬಲಗೈಯನ್ನು ಅವನತ್ತ ಚಾಚಿ, ಎಷ್ಟು ಎಂದು ಕೇಳಿದೆ.

ಎಪ್ಪತ್ತಾರು ಸೆಂಟಿಮೀಟರ್.