‘ಮಕ್ಕಳೂ’ ಎಂಬಲ್ಲಿಯ ದೀರ್ಘ

ಒಂದು ಲೇಖನವನ್ನು ಓದಿ ಮುಗಿಸಲು ಅರ್ಥದರ್ಶಿ ಎಂಬ ಯಂತ್ರಕ್ಕೆ ಎರಡು ಸೆಕೆಂಡು ಸಾಕು. ಆಮೇಲೆ ಲೇಖನದ ನೆತ್ತಿಯಲ್ಲಿ ಚೌಕಟ್ಟೊಂದು ಮೂಡುತ್ತದೆ: ಲೇಖಕರು ಹೇಳಿದ್ದು ಇಷ್ಟು, ಇದು ಇಂಥವರಿಗೆ ಅನ್ವಯ, ಇಂಥವರಿಗಿಲ್ಲ. ಲೇಖಕ ಬದುಕಿದ್ದರೆ ಅದನ್ನು ತಿದ್ದಿ ಸಹಿ ಹಾಕುತ್ತಾನೆ. ಸತ್ತಿದ್ದರೆ, ಅವನು ಜೀವಮಾನದಲ್ಲಿ ಬರೆದ ವಾಕ್ಯಗಳನ್ನೆಲ್ಲ ತೂಗಿ ನೋಡಿ ಯಂತ್ರವೇ ಅವನ ಪರವಾಗಿ ಸಹಿ ಹಾಕುತ್ತದೆ.

ಪ್ರಣವನ ಲೇಖನಕ್ಕೆ ಯಂತ್ರವೇ ಸಹಿ ಹಾಕಿತ್ತು. ಹೊಸಗಣಿ ಊರಿನ ಕೊಳವೆಬಾವಿಯಲ್ಲಿ ಆರ್ಸೆನಿಕ್ ಎಂಬ, ಬಣ್ಣವಾಗಲಿ ರುಚಿಯಾಗಲಿ ಇಲ್ಲದ ವಿಷವಿದೆ ಎಂದು ಬರೆದು ಕಳಿಸಿದ ವಾರಕ್ಕೇ ಅವನು ತೀರಿಕೊಂಡಿದ್ದ. ಚೌಕಟ್ಟಿನಲ್ಲಿ ಹೀಗಿತ್ತು: ‘ಈ ನೀರನ್ನು ಮಕ್ಕಳು ಕುಡಿಯಬಾರದು. ದೊಡ್ಡವರ ಬಗ್ಗೆ ಲೇಖಕರು ಏನೂ ಹೇಳಿಲ್ಲ.’ ಪುರಸಭೆಯವರು ಚೌಕಟ್ಟನ್ನಷ್ಟೇ ಓದಿ, ವಿಷದ ಸುದ್ದಿ ಕೇಳಿ ಮುಚ್ಚಿದ್ದ ನಲ್ಲಿಯನ್ನು ತೆರೆದರು.

ಪ್ರಣವನ ಹೆಂಡತಿ ಸಿಂಚನಾ ಅಚ್ಚಾದ ಪ್ರತಿಯನ್ನು ಹಿಡಿದುಕೊಂಡು ವಿಶ್ವವಿದ್ಯಾಲಯಕ್ಕೆ ಹೋದಳು. ಅರ್ಥದರ್ಶಿಯನ್ನು ಕಂಡುಹಿಡಿದ ಡಾ. ಶ್ರೀವತ್ಸ ಅವಳಿಗೆ ಕುರ್ಚಿ ಎಳೆದುಕೊಟ್ಟರು.

“ಲೇಖನದಲ್ಲಿ ‘ಮಕ್ಕಳೂ’ ಅಂತಿದೆ ಸರ್. ದೊಡ್ಡವರ ಜೊತೆಗೆ ಮಕ್ಕಳೂ ಅಂತ. ನಿಮ್ಮ ಯಂತ್ರ ದೀರ್ಘ ತೆಗೆದುಹಾಕಿದೆ.”

ಶ್ರೀವತ್ಸ ಪರದೆ ನೋಡಿದರು. “ಅವರಿಗೆ ಹ್ರಸ್ವ ದೀರ್ಘ ಸರಿಯಾಗಿ ಬರ್ತಿರಲಿಲ್ಲ ಅಲ್ವೇನಮ್ಮ?”

“ಬರ್ತಿರಲಿಲ್ಲ. ಮದುವೆ ಕಾಗದದಲ್ಲೇ ನನ್ನ ‘ಸೀಂಚನಾ’ ಮಾಡಿದ್ರು.”

“ಕರಡಲ್ಲಿ ಅವರು ಬರೆದಿದ್ದು ‘ಮಕ್ಕಳು’. ದೀರ್ಘ ಹಾಕಿರೋದು ಬೇರೆ ಕೈ.”

“ನಂದೇ ಕೈ. ಅವರ ಕರಡೆಲ್ಲ ನಾನೇ ತಿದ್ತಿದ್ದೆ. ಇದು ಹ್ರಸ್ವಾನೋ ದೀರ್ಘಾನೋ ಅಂತ ಕೇಳ್ದೆ. ಯಾರೂ ಕುಡೀಬಾರ್ದು ಮಾರಾಯ್ತಿ, ಹಾಕು ದೀರ್ಘ ಅಂದ್ರು.”

“ಅದು ಬರವಣಿಗೇಲಿ ಇದೆಯಾ?”

“ಅಡುಗೆಮನೇಲಿ ಹೇಳಿದ ಮಾತು ಸರ್.”

ಒಂದು ಕಾಲಕ್ಕೆ ಲೇಖಕರ ಮಾತನ್ನು ಹಿಗ್ಗಿಸಿ ಓದಿದವರು ಆ ಲೇಖಕರನ್ನೇ ಕೋರ್ಟಿಗೆ ಎಳೆಯುತ್ತಿದ್ದರು. ಅದನ್ನು ತಪ್ಪಿಸಲೆಂದೇ ಈ ಯಂತ್ರ ಮಾಡಿದ್ದು. ಸಾಬೀತಾಗುವ ಅತಿ ಕಡಿಮೆ ಅರ್ಥವನ್ನೇ ಆರಿಸಬೇಕೆಂದು ಅದಕ್ಕೆ ಕಲಿಸಿದವರೂ ಶ್ರೀವತ್ಸರೇ.

“ನೀವು ಹೇಳೋದು ನಿಜ ಅಂತ ನನಗನ್ನಿಸುತ್ತೆ,” ಎಂದರು ಅವರು. “ಆದ್ರೆ ಲೇಖಕರು ನೀವಲ್ಲ.”

ಮರುದಿನ ಬೆಳಿಗ್ಗೆ ಸಿಂಚನಾ ಹೊಸಗಣಿಗೆ ಹೋಗಿ, ನಲ್ಲಿಯ ಹಿಂದಿನ ಗೋಡೆಯ ಮೇಲೆ ಇದ್ದಿಲಿನಿಂದ ದೊಡ್ಡದಾಗಿ ಬರೆದಳು: ಈ ನೀರನ್ನು ಯಾರೂ ಕುಡಿಯಬಾರದು.

ಪಾಳಿಯಲ್ಲಿ ಮುಂದಿದ್ದ ರೇಣುಕಾ ಎಂಬ ಹೆಂಗಸು ಕೊಡ ಕೆಳಗಿಟ್ಟು, ಅರ್ಥದರ್ಶಿಯಿದ್ದ ಫೋನನ್ನು ಗೋಡೆಗೆ ಹಿಡಿದಳು.

“ಮಕ್ಕಳಿಗಷ್ಟ ಅಂತ ತೋರಸಾಕತ್ತೈತ್ರೀ ಅಕ್ಕಾರ. ಪ್ರಣವ ಅನ್ನೋರು ಬರದದ್ದಂತ.”

“ನಾನು ಬರೆದಿದ್ದು ಅದು. ಈಗ, ನಿಮ್ಮೆದುರಿಗೇ ಬರೆದೆ. ನಿಮಗೆ ಓದೋಕೆ ಬರುತ್ತಲ್ಲ?”

“ಯಾಕ ಬರೂದಿಲ್ರೀ, ಹತ್ತನೆತ್ತೆ ಪಾಸ್ ಆಗೇನಿ.” ರೇಣುಕಾ ನಕ್ಕಳು. “ಅಕ್ಷರ ಓದತೇನ್ರೀ. ಅದರ ಅರ್ಥ ಏನಂತ ನನಗ ಹೆಂಗ ಗೊತ್ತಾಗಬೇಕು?”

ಮೊಮ್ಮಗಳ ಶಾಲೆಯ ಬಾಟಲಿಯನ್ನು ತುಂಬಿಸದೆ ಹಾಗೆಯೇ ಸೆರಗಿನಲ್ಲಿ ಕಟ್ಟಿಕೊಂಡು, ಅವಳು ನಲ್ಲಿಗೆ ಬೊಗಸೆಯೊಡ್ಡಿ ಕುಡಿದಳು. ಹಿಂದಿದ್ದವರು ಒಬ್ಬೊಬ್ಬರಾಗಿ ಗೋಡೆಯತ್ತ ಫೋನು ಎತ್ತುತ್ತಿದ್ದರು.