ಕಿರಿಕಿರಿ ಇಲ್ಲದ ಬಡಾವಣೆ

ಕುರ್ಚಿಯಲ್ಲಿ ಕೂತ ಇಂಚರಳಿಗೆ ಮೊದಲು ಹಾಲಿನ ಗಾಡಿಯ ಸದ್ದು ಕೇಳಿಸಿತು. ಆಮೇಲೆ ಯಾರೋ ಅಂಗಳಕ್ಕೆ ನೀರು ಹಾಕಿದರು, ಒದ್ದೆ ಮಣ್ಣಿನ ವಾಸನೆ ಮೂಗಿಗೆ ಬಂತು. ಒಗ್ಗರಣೆಯ ಘಾಟು, ಶಾಲೆಯ ಗಂಟೆ, ಎದುರು ಮನೆಯವರ ಜಗಳ, ನೆತ್ತಿ ಸುಡುವ ಬಿಸಿಲು, ಸಂಜೆಯ ಬೀದಿದೀಪ. ಹಳೇ ಹುಬ್ಬಳ್ಳಿಯ ಓಣಿಯೊಂದರ ಇಡೀ ದಿನ ನಲವತ್ತು ನಿಮಿಷಗಳಲ್ಲಿ ಅವಳ ಸುತ್ತ ಹಾದುಹೋಯಿತು. ಅವಳು ಮಾತ್ರ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಹಣೆಗೊಂದು, ಮಣಿಕಟ್ಟಿಗೊಂದು ಬಟ್ಟೆಯ ಪಟ್ಟಿ ಕಟ್ಟಿಸಿಕೊಂಡು ಕಿಟಕಿಯಿಲ್ಲದ ಕೋಣೆಯಲ್ಲಿ ಕೂತಿದ್ದಳು.

ಅದು ನೆಲೆಮಾಪಕ. ಹೊಸ ಊರಿಗೆ ಕೆಲಸಕ್ಕೆ ಬಂದವರು ದಲ್ಲಾಳಿಯ ಬೈಕಿನ ಹಿಂದೆ ಕೂತು ಗಲ್ಲಿ ಗಲ್ಲಿ ಸುತ್ತುವ ಕಾಲ ಮುಗಿದು ಆಗಲೇ ಹನ್ನೆರಡು ವರ್ಷವಾಗಿತ್ತು. ಬೀದಿಬೀದಿಯ ಕಂಬಗಳಲ್ಲಿ ಕೂರಿಸಿದ ಸಂವೇದಕಗಳು ಆಯಾ ಬೀದಿಯ ಸದ್ದು, ವಾಸನೆ, ಬೆಳಕುಗಳನ್ನು ಹಿಡಿದಿಡುತ್ತಿದ್ದವು. ಯಂತ್ರ ಅವನ್ನು ಕೋಣೆಯೊಳಗೆ ಮತ್ತೆ ಹುಟ್ಟಿಸುತ್ತಿತ್ತು. ಕೂತವರ ನಾಡಿ, ಉಸಿರು, ಅಂಗೈ ಬೆವರು ಏರಿದಾಗಲೆಲ್ಲ ಪರದೆಯ ಮೇಲೊಂದು ಗೆರೆ ಜಿಗಿಯುತ್ತಿತ್ತು. ಒಂದು ಜಿಗಿತ ಎಂದರೆ ಒಂದು ಕಿರಿಕಿರಿ. ಎಲ್ಲಿ ಜಿಗಿತ ಕಡಿಮೆಯೋ ಅದೇ ನಿಮಗೆ ತಕ್ಕ ಬಡಾವಣೆ. ಬಾಯಿ ಸುಳ್ಳು ಹೇಳಬಹುದು, ನಾಡಿ ಹೇಳುವುದಿಲ್ಲ ಎಂದು ಈ ಯಂತ್ರವನ್ನು ಕಂಡುಹಿಡಿದ ಡಾ. ಸಮರ್ಥ ಹೆಬ್ಬಳ್ಳಿ ಸಭೆಗಳಲ್ಲಿ ಹೇಳುತ್ತಿದ್ದರು. ಜನ ತಲೆದೂಗಿದರು. ತಲೆದೂಗುವುದರಲ್ಲಿ ನಾವು ಎಂದೂ ಹಿಂದೆ ಬಿದ್ದವರಲ್ಲ.

ಹಳೇ ಹುಬ್ಬಳ್ಳಿಯಲ್ಲಿ ಇಂಚರಳ ಗೆರೆ ಹತ್ತೊಂಬತ್ತು ಸಲ ಜಿಗಿಯಿತು, ನೆಮ್ಮದಿ ನಗರದಲ್ಲಿ ಎರಡೇ ಸಲ. ಅವಳಿಗೆ ನೆಮ್ಮದಿ ನಗರದ ಮನೆಯೇ ಸಿಕ್ಕಿತು. ಮೂವತ್ತು ದಿನದೊಳಗೆ ಬೇಡ ಎನ್ನಬಹುದು, ಆಮೇಲೆ ಮೂರು ವರ್ಷ ಬದಲಿಸುವಂತಿಲ್ಲ ಎಂಬುದು ಅವಳನ್ನು ಕರೆಸಿಕೊಂಡ ಕಾರ್ಖಾನೆಯ ನಿಯಮವಾಗಿತ್ತು. ಅಲ್ಲಿ ರೈಲಿನ ಗಾಲಿಗಳು ತಯಾರಾಗುತ್ತಿದ್ದವು. ಉಕ್ಕಿನೊಳಗೆ ಸದ್ದು ಹಾಯಿಸಿ, ಪರದೆಯ ಗೆರೆ ನೋಡಿ, ಕಣ್ಣಿಗೆ ಕಾಣದ ಬಿರುಕನ್ನು ಪತ್ತೆ ಹಚ್ಚುವುದು ಅವಳ ಕೆಲಸ. ಇಪ್ಪತ್ತೈದು ವರ್ಷದಿಂದ ಅದನ್ನೇ ಮಾಡಿ ಅವಳ ಕಣ್ಣು ಪಳಗಿತ್ತು.

ನಲವತ್ತೊಂಬತ್ತರ ಇಂಚರ ಕೊಳ್ಳೇಗಾಲದ ವಠಾರವೊಂದರಲ್ಲಿ ಬೆಳೆದವಳು. ತಾಯಿ ತೀರಿಕೊಂಡ ಮೇಲೆ ಅವಳಿಗೆ ತನ್ನವರೆಂದು ಉಳಿದದ್ದು ಆ ವಠಾರವೇ. ನೆಮ್ಮದಿ ನಗರದ ಮನೆಗೆ ಬಂದ ದಿನ ಹಾಲು ಉಕ್ಕಿಸಿದಳು. ಮಿಕ್ಕ ಹಾಲನ್ನು ಉಗುರು ಬೆಚ್ಚಗೆ ಆರಿಸಿ, ಹೆಪ್ಪಿಗೆ ಒಂದು ಚಮಚ ಮೊಸರು ಕೇಳೋಣವೆಂದು ಬಟ್ಟಲು ಹಿಡಿದು ಹೊರಗೆ ಬಂದಳು. ಬೀದಿಯ ಉದ್ದಕ್ಕೂ ಗೇಟುಗಳು ಮುಚ್ಚಿದ್ದವು. ತರಕಾರಿ, ಔಷಧಿ, ಊಟ ಎಲ್ಲ ಗೋಡೆಯಲ್ಲಿದ್ದ ಪೆಟ್ಟಿಗೆಗೆ ತಾವಾಗಿ ಬಂದು ಬೀಳುತ್ತಿದ್ದವು. ಬಾಗಿಲಿಗೆ ಕರೆಗಂಟೆ ಇತ್ತು, ಅದನ್ನು ಒತ್ತುವ ರೂಢಿ ಇರಲಿಲ್ಲ. ಬಂದ ಮೊದಲ ದಿನವೇ ರೂಢಿ ಮುರಿಯುವ ಧೈರ್ಯ ಅವಳಿಗೆ ಬರಲಿಲ್ಲ. ಬಟ್ಟಲು ಹಿಡಿದು ಒಳಗೆ ಹೋದಳು.

ಆಮೇಲಿನ ದಿನಗಳೂ ಹಾಗೆಯೇ ಕಳೆದವು. ದಾರಿಯಲ್ಲಿ ಎದುರಾದವರು ತಲೆ ತಗ್ಗಿಸಿ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ತುಂಬ ಸಭ್ಯರು, ಆ ಸಭ್ಯತೆಯೇ ಉಸಿರು ಕಟ್ಟಿಸುತ್ತಿತ್ತು. ಎಡಗಡೆ ಮನೆಯವರದು ಅವಳು ಕಂಡದ್ದು ಒಂದು ಕೈ ಮಾತ್ರ, ಪರದೆ ಎಳೆಯುವಾಗ. ಒಂದು ಸೋಮವಾರ ಕಾರ್ಖಾನೆಯ ಗೇಟಿನಲ್ಲಿ ಹೆಸರು ಹೇಳಲು ಬಾಯಿ ತೆರೆದರೆ ಗಂಟಲಿನಿಂದ ಗೊಗ್ಗರು ದನಿ ಬಂತು. ನೆಗಡಿಯೇ ಎಂದು ಕಾವಲಿನವನು ಕೇಳಿದ. ಶುಕ್ರವಾರ ಸಂಜೆಯಿಂದ ತಾನು ಒಂದು ಮಾತೂ ಆಡಿಲ್ಲವೆಂದು ಅವಳಿಗೆ ಆಗ ಹೊಳೆಯಿತು. ಅಳು ಬಂತು. ಹೌದು, ನೆಗಡಿ ಎಂದಳು.

ಮೂವತ್ತನೆಯ ದಿನ ಅರ್ಧ ದಿನ ರಜೆ ಹಾಕಿ ಹೆಬ್ಬಳ್ಳಿಯವರ ಕಚೇರಿಗೆ ಹೋದಳು. ಅವರಿಗೆ ಅರವತ್ತು ದಾಟಿತ್ತು, ಕನ್ನಡಕವನ್ನು ಹಣೆಗೇರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದರು.

"ಬರ್ರಿ, ಕುಂದರ್ರಿ. ನೆಮ್ಮದಿ ನಗರದಾಗ ಏನ ತ್ರಾಸ ಆತ್ರಿ? ಹನ್ನೆರಡ ವರ್ಷದಾಗ ಅಲ್ಲಿಂದ ಒಂದ ತಕರಾರ ಬಂದಿಲ್ಲ."

"ತಕರಾರು ಮಾಡೋಕೂ ಯಾರಾದ್ರೂ ಸಿಗ್ಬೇಕಲ್ಲ ಸರ್," ಎಂದಳು ಇಂಚರ. "ನನ್ನ ಗೆರೆ ಒಂದ್ಸಲ ತೋರಿಸ್ತೀರಾ? ಹಳೇ ಹುಬ್ಬಳ್ಳೀದು."

ಅವರು ಪರದೆ ತೆರೆದರು. ಗೆರೆ ಅಲ್ಲಲ್ಲಿ ತುಸು ಎದ್ದು ಬಿದ್ದು, ಮೂವತ್ತೊಂದನೆಯ ನಿಮಿಷದಲ್ಲಿ ಎಲ್ಲಕ್ಕಿಂತ ಎತ್ತರಕ್ಕೆ ಜಿಗಿದಿತ್ತು.

"ಇದೇನಾಗಿತ್ತು ಇಲ್ಲಿ?"

"ಸಂಜಿ ಮುಂದ ಯಾರೋ ಬೆಲ್ ಒತ್ತ್ಯಾರ. ಕೆಲಸ ಇಲ್ಲದ ಭೇಟಿ. ನಿಮ್ಮ ಎದಿ ಹೆಂಗ ಹೊಡಕೊಂಡೈತಿ ನೋಡ್ರಿ. ಇದಕ್ಕಿಂತ ದೊಡ್ಡ ಕಿರಿಕಿರಿ ಇನ್ನ್ಯಾವುದು?"

ಇಂಚರಳಿಗೆ ಆ ಗಳಿಗೆ ನೆನಪಾಯಿತು. ಗಂಟೆ ಕೇಳಿದೊಡನೆ ಬಾಗಿಲು ತೆರೆಯಲೆಂದು ಕುರ್ಚಿಯಿಂದ ಏಳಹೋಗಿದ್ದಳು. ಕೈ ತಾನಾಗಿ ಕೂದಲು ಸರಿಮಾಡಿಕೊಂಡಿತ್ತು.

"ಸರ್, ನಾವು ಗಾಲಿಗೆ ಸದ್ದು ಬಿಡ್ತೀವಿ. ಬಿರುಕಿದ್ರೆ ಗೆರೆ ಮಧ್ಯದಲ್ಲೇ ಏಳುತ್ತೆ. ಗಾಲಿ ಗಟ್ಟಿಯಾಗಿದ್ರೂ ಏಳುತ್ತೆ, ಆದ್ರೆ ಕೊನೇಲಿ. ಆಚೆ ಬದಿ ಮುಟ್ಟಿ ವಾಪಸ್ ಬಂದ ಸದ್ದು ಅದು. ಹೊಸಬರು ಅದನ್ನ ನೋಡಿ ಗಾಬರಿಯಾಗಿ ಒಳ್ಳೇ ಗಾಲೀನೇ ಗುಜರಿಗೆ ಹಾಕ್ಬಿಡ್ತಾರೆ."

"ಅಂದ್ರ?"

"ಅದು ಕಿರಿಕಿರಿ ಅಲ್ಲ ಸರ್. ಆಸೆ. ಯಾರೋ ಬಂದ್ರಲ್ಲ ಅಂತ ಆಸೆ."

ಹೆಬ್ಬಳ್ಳಿಯವರಿಗೆ ಸಿಟ್ಟು ಬಂತು. ಗಾಲಿ ನೋಡುವವಳು ತಮಗೆ ಪಾಠ ಹೇಳಿದಳೆಂದೇ ಸಿಟ್ಟು. ಆದರೆ ಅವರು ಒಳಗೆ ಪ್ರಾಮಾಣಿಕರು, ಸಿಟ್ಟು ಹೆಚ್ಚು ಹೊತ್ತು ನಿಲ್ಲಲಿಲ್ಲ.

"ಆಸೀನೋ ಸಿಟ್ಟೋ, ಬರೇ ನಾಡಿ ನೋಡಿದ್ರ ತಿಳಿಯಂಗಿಲ್ಲ ಅಂತ ನನಗೂ ಗೊತ್ತಿತ್ತರೀ," ಎಂದರು ತಗ್ಗಿದ ದನಿಯಲ್ಲಿ. "ಅದಕ್ಕ ಮಂದಿ ಬರದದ್ದನ್ನ ಓದಿ ತಿಳಕೊಂಡೆ. ಮೂವತ್ತು ಮೂವತ್ತೈದು ವರ್ಷದ ಹಿಂದ ಮನಿ ಹುಡುಕೋರು ತುಂಬಿದ ಅರ್ಜಿ ಸಿಕ್ಕಿದ್ವು, ಲಕ್ಷಗಟ್ಟಲೆ. ಬ್ಯಾಡ ಅನ್ನೋ ಜಾಗಾದಾಗ ಎಲ್ಲಾರೂ ಬರದದ್ದು ಒಂದ: ಹೇಳದ ಕೇಳದ ಬರೋ ನೆರೆಯವರು ಬ್ಯಾಡ. ಬೇಕು ಅನ್ನೋ ಜಾಗಾದಾಗ ನೀರು, ಪಾರ್ಕಿಂಗ್, ನೆಟ್‌ವರ್ಕ್. ಮನಷ್ಯಾರು ಬೇಕು ಅಂತ ಒಬ್ಬರೂ ಬರದಿಲ್ಲರೀ."

"ಆಗ ಯಾಕೆ ಬರೀತಾರೆ ಸರ್? ಸುತ್ತ ಇದ್ದೇ ಇದ್ರಲ್ಲ."

ಹೆಬ್ಬಳ್ಳಿಯವರು ಪರದೆಯತ್ತ ತಿರುಗಿದರು. ಹಳೇ ಹುಬ್ಬಳ್ಳಿಯ ಅದೇ ದಿನವನ್ನು ಕುರ್ಚಿಯಲ್ಲಿ ಕೂತು ಕಂಡಾಗ ನೆಮ್ಮದಿ ನಗರದ ಇನ್ನೂರ ಹನ್ನೆರಡು ಮನೆಗಳವರಿಗೆ ಮೂಡಿದ್ದ ಗೆರೆಗಳನ್ನು, ಹೆಸರು ಮುಚ್ಚಿ, ಪರದೆಯ ಮೇಲೆ ಒಂದರ ಮೇಲೊಂದು ಇಟ್ಟರು. ಬೇರೆಲ್ಲ ಕಡೆ ಗೆರೆಗಳು ಚದುರಿದ್ದವು. ಕರೆಗಂಟೆ ಹೊಡೆದ ನಿಮಿಷದಲ್ಲಿ ಮಾತ್ರ ಇನ್ನೂರ ಹನ್ನೆರಡೂ ಒಟ್ಟಿಗೆ ಎದ್ದು ನಿಂತಿದ್ದವು. ಗಂಟೆಯ ಸದ್ದಿಗೆ ಎದೆ ಹಾರುವವರನ್ನೆಲ್ಲ ಯಂತ್ರ ಆರಿಸಿ ಆರಿಸಿ ಒಂದೇ ಕಡೆ ತಂದಿತ್ತು, ಯಾರೂ ಗಂಟೆ ಒತ್ತದ ಜಾಗಕ್ಕೆ.

"ನಿಮ್ಮದೊಂದು ಇವತ್ತ ಬದಲಿ ಮಾಡತೀನಿ," ಎಂದರು ಅವರು ಕೊನೆಗೆ. "ಹಳೇ ಹುಬ್ಬಳ್ಳ್ಯಾಗ ಒಂದ ಮನಿ ಖಾಲಿ ಐತಿ. ಐದರೊಳಗ ನಿಮ್ಮ ಫೋನಿನ್ಯಾಗ ಹೆಬ್ಬೆಟ್ಟು ಒತ್ತಿ ಕಳಸ್ರಿ, ಸಾಕು."

"ಮಿಕ್ಕವರು?"

"ಯಂತ್ರ ತಿದ್ದಾಕ ವರ್ಷಗಟ್ಟಲೆ ಬೇಕರೀ. ಅಲ್ಲೀತನಕ..." ಅವರು ಕನ್ನಡಕ ತೆಗೆದು ಒರೆಸಿದರು.

ನಾಲ್ಕೂ ಮುಕ್ಕಾಲಿಗೆ ಇಂಚರ ನೆಮ್ಮದಿ ನಗರಕ್ಕೆ ಬಂದಳು. ಅವಳಿಗೆ ಹಳೇ ಹುಬ್ಬಳ್ಳಿಗೆ ಹೋಗಬೇಕೆಂದೇ ಇತ್ತು, ಅದರಲ್ಲಿ ಸುಳ್ಳಿಲ್ಲ. ಆ ಓಣಿಯ ಜಗಳ, ಘಾಟು, ಗದ್ದಲ ಎಲ್ಲ ತನಗೆ ಬೇಕೆಂದು ದಾರಿಯುದ್ದಕ್ಕೂ ಅನಿಸಿತ್ತು. ಫೋನನ್ನು ಕೈಯಲ್ಲೇ ಹಿಡಿದಿದ್ದಳು. ಆದರೆ ಬೀದಿಯ ಎರಡೂ ಬದಿಯ ಮುಚ್ಚಿದ ಬಾಗಿಲುಗಳನ್ನು ನೋಡುತ್ತ ನಡೆದಾಗ ಅವು ಬೆಳಿಗ್ಗೆ ಕಂಡ ಹಾಗೆ ಕಾಣಲಿಲ್ಲ. ಪ್ರತಿಯೊಂದರ ಹಿಂದೆಯೂ ಒಂದು ಗೆರೆ ಎದ್ದು ನಿಂತಿರುವುದು ಅವಳಿಗೆ ಈಗ ಗೊತ್ತಿತ್ತು. ತನ್ನ ಗೇಟು ದಾಟಿ, ಎಡಗಡೆ ಮನೆಯ ಮುಂದೆ ನಿಂತು, ಯೋಚನೆಗೆ ಎಡೆಕೊಡದೆ ಗಂಟೆ ಒತ್ತಿದಳು.

ಒಳಗೆ ಯಾರೋ ಧಾವಿಸಿ ಬಂದ ಹೆಜ್ಜೆಯ ಸದ್ದು. ಬಾಗಿಲ ಹತ್ತಿರ ಅದು ನಿಂತಿತು. ತುಂಬ ಹೊತ್ತಿನ ಮೇಲೆ ಬಾಗಿಲು ಸರಪಳಿಯಷ್ಟು ತೆರೆಯಿತು. ಸಂದಿಯಲ್ಲಿ ಅರವತ್ತೈದರ ಆಸುಪಾಸಿನ ಹೆಂಗಸೊಬ್ಬರ ಮುಖ ಕಂಡಿತು, ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡಿದ್ದರು.

"ನಾ ಕೆಮ್ಮಿದ್ದು ಕೇಳಿಸ್ತೇನ್ರಿ ಅಕ್ಕಾರ?" ಎಂದು ಅವರು ಗಾಬರಿಯಿಂದ ಕೇಳಿದರು. "ಮುಂಜಾನಿಂದ ಕಿಟಕಿ ಹಾಕ್ಕೊಂಡ ಇದ್ದೆ. ತಪ್ಪಾತ್ರಿ. ಇನ್ನ ಮ್ಯಾಲೆ ಕೇಳಿಸೂದಿಲ್ಲ."

ದೂರು ಹೇಳಲಿಕ್ಕಲ್ಲದೆ ಆ ಬೀದಿಯಲ್ಲಿ ಯಾರಾದರೂ ಯಾಕೆ ಬಂದಾರು? ಇಂಚರ ಸಂದಿಯ ಹತ್ತಿರಕ್ಕೆ ಬಾಗಿದಳು.

"ಇಲ್ಲಮ್ಮ, ಕೇಳಿಸ್ಲಿಲ್ಲ. ಮೂವತ್ತು ದಿನದಿಂದ ನಿಮ್ಮನೇದು ಏನೂ ಕೇಳಿಸ್ಲಿಲ್ಲ. ಅದಕ್ಕೇ ಬಂದೆ."

ಆ ತಾಯಿ ಅವಳ ಮುಖವನ್ನೇ ನೋಡಿದರು. ಸರಪಳಿ ತೆಗೆಯಲು ಹೋದರೆ ಕೊಕ್ಕೆ ಜಂಗು ಹಿಡಿದು ಕಚ್ಚಿಕೊಂಡಿತ್ತು. ಒಳಗಿನಿಂದ ಅವರು ಕೊಕ್ಕೆ ಎಳೆದರು, ಸರಪಳಿ ಸಡಿಲವಾಗಲೆಂದು ಹೊರಗಿನಿಂದ ಇಂಚರ ಬಾಗಿಲನ್ನು ತನ್ನ ಕಡೆಗೆ ಎಳೆದು ಹಿಡಿದಳು. ನಡುವೆ ಅವಳ ಫೋನು ಒಮ್ಮೆ ಅದುರಿ ಸುಮ್ಮನಾಯಿತು, ಐದು ಗಂಟೆ ಆಗಿತ್ತು. ಅವಳು ಅದರತ್ತ ನೋಡಲಿಲ್ಲ. ಕೊಕ್ಕೆ ಕಳಚಿತು, ಬಾಗಿಲು ಪೂರ್ತಿ ತೆರೆಯಿತು. ಆಕೆ ಬಾಯಿಯಿಂದ ಸೆರಗು ತೆಗೆದು, ಬಾಗಿಲ ಚೌಕಟ್ಟು ಹಿಡಿದುಕೊಂಡು, ಅಷ್ಟು ದಿನ ತಡೆಹಿಡಿದಿದ್ದನ್ನೆಲ್ಲ ಬೀದಿಗೆ ಕೇಳುವ ಹಾಗೆ ಮನಸಾರೆ ಕೆಮ್ಮಿದರು.